ಮುಂದಿನ ಹಲಗೆಯ ಮೇಲೆ ಕೂತವನು

ದರ್ಜಿಗೆ ಬಾಸ್ ಮೀನಿನ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಹಿಡಿಸಿದವನು ಅಂಗಡಿಯ ಎದುರುಮನೆಯ ಅಂಚೆಯವನು. ಬೀದಿಯವರಿಗೆಲ್ಲ ಅವನು ಪೋಸ್ಟಣ್ಣ. "ಹಗಲು ಮೀನು ಹಿಡಿಯೋದು ಕಣ್ಣಿನ ಕೆಲಸ, ರಾತ್ರಿ ಹಿಡಿಯೋದು ಬೆರಳಿನ ಕೆಲಸ. ನಿನ್ನಂಥ ದರ್ಜಿಗೆ ಹೇಳಿ ಮಾಡಿಸಿದ್ದು ಕಣೋ," ಎಂದು ಪುಸಲಾಯಿಸಿ ಊರಾಚೆಯ ಕೆರೆಗೆ ಕರೆದೊಯ್ದಿದ್ದ.

ಮಾತು ಸುಳ್ಳಾಗಲಿಲ್ಲ. ಹಗಲೆಲ್ಲ ಸೂಜಿಯ ಮೇಲೆ ಕಣ್ಣು ನೆಟ್ಟು, "ಸೊಂಟ ಬಿಗಿ, ತೋಳು ಸಡಿಲ" ಎನ್ನುವ ಗಿರಾಕಿಗಳ ರಾಗ ಕೇಳಿ ಕೇಳಿ ತಲೆ ಹಿಟ್ಟಾಗಿರುತ್ತಿದ್ದವನಿಗೆ ಆ ಕತ್ತಲೆ ಹಣೆಗೆ ತಣ್ಣೀರು ಬಟ್ಟೆ ಹಾಕಿದಂತಾಗುತ್ತಿತ್ತು. ಬಾಸ್ ಹಗಲಿನಲ್ಲಿ ಆಳದಲ್ಲಿ ಅಡಗಿರುವ ಕಳ್ಳ. ಕತ್ತಲಾದ ಮೇಲೆ ದಡದ ಜೊಂಡಿನವರೆಗೂ ಬರುವ ಹೊಟ್ಟೆಬಾಕ. ಕರಿ ರಬ್ಬರಿನ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ, ಜೊಂಡಿನ ಅಂಚಿಗೆ ಎಸೆದು, ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಮೆಲ್ಲಗೆ ಎಳೆಯುತ್ತ ಕೂರಬೇಕು. ಏನೂ ಕಾಣುವುದಿಲ್ಲ. ಇದ್ದಕ್ಕಿದ್ದಂತೆ ಕತ್ತಲೆಯೇ ಬಾಯಿ ತೆರೆದು ಕಪ್ಪೆಯನ್ನು ನುಂಗಿದ ಹಾಗೆ 'ಗುಳುಂ' ಎಂಬ ಸದ್ದು; ಬೆರಳಿನಿಂದ ಬೆನ್ನಿನವರೆಗೆ ಮಿಂಚು. ಆ ಒಂದು ಕ್ಷಣಕ್ಕಾಗಿ ದರ್ಜಿ ಗಂಟೆಗಟ್ಟಲೆ ಸೊಳ್ಳೆಗಳಿಗೆ ರಕ್ತದಾನ ಮಾಡುತ್ತಿದ್ದ. ದೀಪ ಹಚ್ಚಕೂಡದು, ಗಟ್ಟಿಯಾಗಿ ಮಾತಾಡಕೂಡದು. ಪೋಸ್ಟಣ್ಣನ ಕಟ್ಟಳೆ ಇಷ್ಟೇ.

"ಎಲ್ಲಿಗ್ರೀ ಹೋಗ್ತೀರಾ ಅಂದ್ರೆ ಮೀನು ಅಂತೀರಾ. ಸವತಿ ಅಂದಿದ್ರೆ ಜಗಳನಾದ್ರೂ ಆಡಬಹುದಿತ್ತು," ಎಂದು ಹೆಂಡತಿ ಮೂತಿ ತಿರುವುತ್ತಿದ್ದಳು.

ಚಳಿಗಾಲದಲ್ಲಿ ಪೋಸ್ಟಣ್ಣ ನಿದ್ದೆಯಲ್ಲೇ ಹೋಗಿಬಿಟ್ಟ. ಹಿಂದೆಮುಂದೆ ಯಾರೂ ಇಲ್ಲದ ಒಂಟಿ ಜೀವ. ಬೀದಿಯವರೇ ಸೇರಿ ಮಣ್ಣು ಮಾಡಿದರು. ಇಬ್ಬರೂ ಕೂತು ಗಾಳ ಹಾಕುತ್ತಿದ್ದ ಅವನ ದೋಣಿ ದರ್ಜಿಯ ಪಾಲಿಗೆ ಬಂತು. ಕೆಲವು ತಿಂಗಳು ದರ್ಜಿ ಕೆರೆಯತ್ತ ತಲೆ ಹಾಕಲಿಲ್ಲ. ಸೆಕೆ ಶುರುವಾದಾಗ ಬೆರಳು ಕೇಳಲಿಲ್ಲ. ಹೆಂಡತಿಯ ತಮ್ಮ, ಲಾರಿ ಮೆಕ್ಯಾನಿಕ್, ಜೊತೆಗೆ ಬರಲು ಒಪ್ಪಿದ. ಅವನಿಗೆ ಕೆರೆ ಹೊಸದು.

ಚಂದ್ರನಿಲ್ಲದ ರಾತ್ರಿ. ದರ್ಜಿ ಮೊದಲೇ ಹೋಗಿ ದೋಣಿಯ ಹಿಂಬದಿಯಲ್ಲಿ ಹುಟ್ಟು ಹಿಡಿದು ಕೂತ. ತನ್ನ ಕೈ ತನಗೆ ಕಾಣದಷ್ಟು ಕತ್ತಲು. ಸ್ವಲ್ಪ ಹೊತ್ತಿಗೆ ದೋಣಿಯ ಮೂತಿ ಕೆಳಗೆ ಬಾಗಿತು. ಯಾರೋ ಹತ್ತಿ ಮುಂದಿನ ಹಲಗೆಯ ಮೇಲೆ ಕೂತರು.

"ಬಂದೆಯಾ? ಊಟ ಆಯ್ತಾ?" ಎಂದು ದರ್ಜಿ ಪಿಸುಗುಟ್ಟಿದ.

"ಹೂಂ. ಹೊರಡು."

ಬಾಮೈದ ಎಂದೂ ತನ್ನನ್ನು ಏಕವಚನದಲ್ಲಿ ಮಾತಾಡಿಸಿದವನಲ್ಲ. ದಾರಿಯಲ್ಲಿ ಸ್ವಲ್ಪ ಏರಿಸಿಕೊಂಡು ಬಂದಿರಬೇಕು ಎಂದು ದರ್ಜಿ ಒಳಗೊಳಗೇ ನಕ್ಕು ಹುಟ್ಟು ಹಾಕಿದ.

ಅಂಥ ರಾತ್ರಿಯನ್ನು ಅವನು ಕಂಡಿರಲಿಲ್ಲ. "ಎಡಕ್ಕೆ," ಎನ್ನುತ್ತಿತ್ತು ಮುಂದಿನ ಪಿಸುದನಿ. ಎಡಕ್ಕೆ ಎಸೆದರೆ ಗುಳುಂ. "ಇನ್ನೂ ದಡದ ಹತ್ತಿರ." ಗುಳುಂ. ತೋಳುದ್ದದ ಮೀನುಗಳು ದೋಣಿಯ ತಳದಲ್ಲಿ ಬಿದ್ದು ಕಾಲಿಗೆ ಬಡಿಯುತ್ತಿದ್ದವು. ದರ್ಜಿಗೆ ಮೈಮೇಲೆ ಬಂದಂತಾಗಿತ್ತು. ಎಷ್ಟೋ ಹೊತ್ತಿನ ಮೇಲೆ, ಕೆರೆಯ ಮುಖವನ್ನೇ ನೋಡದವನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂಬ ಪ್ರಶ್ನೆ ಎದ್ದಿತು.

"ಸಾಕು, ಹೋಗೋಣ," ಎಂದ.

"ಇನ್ನೊಂದೇ ಒಂದು."

ಎಸೆದ. ಸಿಕ್ಕಿತು. ಮತ್ತೆ "ಹೋಗೋಣ" ಎಂದರೆ ಮತ್ತೆ ಅದೇ ಮಾತು, ಅದೇ ದನಿ, "ಇನ್ನೊಂದೇ ಒಂದು." ಅಕಾಲ ಮಳೆಗೆ ತುಂಬಿದ ಕೆರೆಯ ನೀರು ಹೊರಗೆ ಧುಮುಕುವ ಕೋಡಿಯ ಭೋರ್ಗರೆತ ಈಗ ಬಲು ಹತ್ತಿರದಲ್ಲಿ ಕೇಳುತ್ತಿತ್ತು. ಹುಟ್ಟು ಹಾಕದೆಯೇ ದೋಣಿ ಆ ಕಡೆಗೆ ಜಾರುತ್ತಿತ್ತು.

ಬಾಮೈದನ ಅಮಲು ಇಳಿಯಲಿ ಎಂದು ದರ್ಜಿ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಮುಂದೆ ಚಾಚಿದ. ತಗೊಳ್ಳಲು ಬಂದ ಕೈಯ ತೋಳಿಗೆ ಅವನ ಬೆರಳು ತಗುಲಿತು. ಆ ಸೆಕೆಯಲ್ಲಿ ದಪ್ಪ ಉಣ್ಣೆಯ ಕೋಟು. ಮಣಿಕಟ್ಟಿನ ಬಳಿ ಒಂದು ಚೌಕ ಗುಂಡಿ.

ಪೋಸ್ಟಣ್ಣನ ಕೋಟಿನ ಗುಂಡಿ ಉದುರಿದಾಗ, ಜೋಡಿ ಸಿಗದೆ, ಯಾವುದೋ ಹೆಂಗಸಿನ ಕೋಟಿನ ಚೌಕ ಗುಂಡಿಯನ್ನು ಹೊಲಿದುಕೊಟ್ಟವನು ದರ್ಜಿಯೇ. ಕೊನೆಯ ದಿನ ಆ ಕೋಟನ್ನು ಹೆಣಕ್ಕೆ ತೊಡಿಸಿ, ಆ ಗುಂಡಿ ಹಾಕಿದವನೂ ಅವನೇ.

ಅದೇ ಹೊತ್ತಿಗೆ ದೂರದ ದಡದಿಂದ ಕೂಗು ಕೇಳಿತು. "ಭಾವಾ! ನನ್ನ ಬಿಟ್ಟೇ ಹೋದ್ರಲ್ಲಾ!"

ಮುಂದಿನ ಹಲಗೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ನೀರು ಮಾತ್ರ ದೋಣಿಯ ಹೊಟ್ಟೆಯನ್ನು ನೆಕ್ಕುತ್ತಿತ್ತು.

"ಪೋಸ್ಟಣ್ಣಾ," ಎಂದ ದರ್ಜಿ. "ನಾನು ಮನೆಗೆ ಹೋಗ್ಬೇಕು."

"ನನಗೆ ಮನೆ ಇಲ್ವಲ್ಲೋ," ಎಂದಿತು ದನಿ. ಅದರಲ್ಲಿ ಸಿಟ್ಟಿರಲಿಲ್ಲ. "ಇನ್ನೊಂದೇ ಒಂದು."

ಕೋಡಿಯ ತುಂತುರು ಮುಖಕ್ಕೆ ಸಿಡಿಯುತ್ತಿತ್ತು. ದರ್ಜಿ ತನ್ನ ಗಾಳದ ಕೋಲನ್ನು ಮುಂದಕ್ಕೆ ಹಿಡಿದ. "ಇದನ್ನ ನೀನೇ ಇಟ್ಕೋ, ಅಣ್ಣಾ. ಎಷ್ಟು ಬೇಕಾದ್ರೂ ಎಸಿ. ನನ್ನ ಬಿಟ್ಟುಬಿಡು. ಅವಳು ಬಾಗಿಲು ಕಾಯ್ತಾ ಕೂತಿರ್ತಾಳೆ."

ಆಮೇಲೆ ಯಾರೋ ಕೋಲನ್ನು ಮೆತ್ತಗೆ, ಮಗುವಿನ ಕೈಯಿಂದ ಆಟಿಕೆ ಬಿಡಿಸಿಕೊಳ್ಳುವಂತೆ, ಬಿಡಿಸಿಕೊಂಡರು. ದೋಣಿಯ ಮೂತಿ ಮೇಲೆದ್ದಿತು. ನೀರಿಗೆ ಬಿದ್ದ ಸದ್ದಾಗಲಿಲ್ಲ. ದರ್ಜಿ ಗಬಕ್ಕನೆ ಹುಟ್ಟು ಹಿಡಿದ. ಅಂಗೈ ಸುಲಿಯುವವರೆಗೂ ಹುಟ್ಟು ಹಾಕಿದ.

ದಡದಲ್ಲಿ ಬಾಮೈದ ಟಾರ್ಚ್ ಬಿಟ್ಟು, ದೋಣಿಯ ತಳ ನೋಡಿ ಬಾಯಿ ಬಿಟ್ಟ. "ಇಷ್ಟೊಂದು ಮೀನಾ, ಭಾವ!" ದರ್ಜಿ ಮೀನುಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟ. ಆಮೇಲೆ ಕೇಳಿದ, "ನಾನು ಮಾತಾಡ್ತಿದ್ದದ್ದು ಕೇಳಿಸ್ತಾ?"

"ಕೇಳಿಸ್ತು."

"ನನ್ನದೊಂದೇನಾ?"

ಬಾಮೈದ ಟಾರ್ಚನ್ನು ನೀರಿನ ಕಡೆಯಿಂದ ತಿರುಗಿಸಿದ. "ಇಲ್ಲ, ಭಾವ. ನಡೀರಿ, ಹೋಗೋಣ."

ಬೆಳಗಾದ ಮೇಲೆ ದರ್ಜಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಎದೆ ಬಡಿದುಕೊಳ್ಳುತ್ತಾಳೆ, ದೋಣಿ ಒಡೆದು ಒಲೆಗೆ ಹಾಕಿ ಎನ್ನುತ್ತಾಳೆ ಎಂದುಕೊಂಡಿದ್ದ. ಅವಳು ಅವನ ಸುಲಿದ ಅಂಗೈಗೆ ಬೆಣ್ಣೆ ಸವರುತ್ತ, "ಮತ್ತೆ ಹೋಗ್ತೀರಾ?" ಎಂದಷ್ಟೇ ಕೇಳಿದಳು.

ಅವನಿಗೆ ನಾಚಿಕೆಯಾಯಿತು. ಅಷ್ಟು ಹೆದರಿದ್ದರೂ ತೋರುಬೆರಳು ಇನ್ನೂ ಜುಮ್ಮೆನ್ನುತ್ತಿತ್ತು. "ಹೋಗ್ದೆ ಇರೋಕೆ ಆಗಲ್ಲ ಅನ್ಸತ್ತೆ ಕಣೇ."

"ಹಾಗಾದ್ರೆ ಆ ಹಲಗೆ ಖಾಲಿ ಬಿಡೋದು ಬೇಡ. ನಾನೇ ಕೂತ್ಕೋತೀನಿ."

ಅಂದಿನಿಂದ ಅವಳೇ ಮುಂದೆ ಕೂರುತ್ತಾಳೆ. ಪಿಸುಗುಟ್ಟುವುದು ಅವಳ ಜಾಯಮಾನದಲ್ಲೇ ಇಲ್ಲ. ನಾದಿನಿಯ ಜಂಬ, ಸೋರುವ ನಲ್ಲಿ, ಪಕ್ಕದ ಮನೆಯವಳ ಬಾಯಿ ಎಲ್ಲವೂ ಕೆರೆಯ ಆಚೆ ದಡಕ್ಕೂ ಕೇಳಿಸುತ್ತವೆ. ಮೀನುಗಳು ಹೆದರಿ ಆಳಕ್ಕಿಳಿದುಬಿಡುತ್ತವೆ. ವಾರಕ್ಕೊಂದು ಸಿಕ್ಕರೆ ಅದೇ ಹೆಚ್ಚು. ದರ್ಜಿಗೆ ಅದರ ಬೇಸರವಿಲ್ಲ.

ಆದರೆ ಒಮ್ಮೊಮ್ಮೆ ಅವಳ ಮಾತು ನಡುವೆ ನಿಂತುಬಿಡುತ್ತದೆ. ಆಗ ಅವನು ಹೊಸ ಕೋಲನ್ನು ಬದಿಗಿಟ್ಟು, ಕತ್ತಲಲ್ಲಿ ಕೈ ಚಾಚಿ, ಅವಳ ಬೆನ್ನು ಮುಟ್ಟುತ್ತಾನೆ.

"ಏನ್ರೀ?"

"ಏನಿಲ್ಲ. ಮಾತಾಡ್ತಾ ಇರು."