ರಾಜನ ಹುಟ್ಟುಹಬ್ಬದ ಪ್ರಾರ್ಥನೆ

ಬುಧವಾರ ಮುಗಿಯುವವರೆಗೆ ಬಾಯಿ ಬಿಡಬಾರದು ಎಂದು ದಿವಾಕರ ಸೋಮವಾರ ಬೆಳಿಗ್ಗೆಯೇ ನಿರ್ಧರಿಸಿಬಿಟ್ಟಿದ್ದ. ನಿರ್ಧಾರ ಅವನೊಬ್ಬನದೇ ಅಲ್ಲ. ಮೈಸೂರಿನಿಂದ ಷಡ್ಡಕ ಹರಿಪ್ರಸಾದ ಫೋನ್ ಮಾಡಿ, ನಾಗಮಣಿ ಆಸ್ಪತ್ರೆಗೆ ಸೇರಿಸಿದ ರಾತ್ರಿಯೇ ತೀರಿಕೊಂಡಳೆಂದು ಹೇಳಿ, ಅದೇ ಉಸಿರಿನಲ್ಲಿ, ತಂಗಿ ಮೈಥಿಲಿಗೆ ಈಗಲೇ ಗೊತ್ತಾಗುವುದು ಬೇಡ, ಅವಳ ಪಿಎಚ್‌ಡಿ ವೈವಾ ಮುಗಿಯಲಿ ಎಂದಿದ್ದ. ಹೆಂಡತಿಯನ್ನು ಕಳೆದುಕೊಂಡವನೇ ಹಾಗೆಂದ ಮೇಲೆ ದಿವಾಕರ ಇಲ್ಲವೆನ್ನುವುದು ಹೇಗೆ? ಮಾವನವರದೂ ಅದೇ ಮಾತು. ಎಸ್ಸೆಸ್ಸೆಲ್ಸಿ ಬರೆಯುತ್ತಿರುವ ಹುಡುಗಿಗೆ ಅಜ್ಜ ಸತ್ತ ಸುದ್ದಿಯನ್ನು ಕೊನೆಯ ಪೇಪರ್ ಮುಗಿದ ಮೇಲೆ ಹೇಳುವ ಜನ ನಾವು. ಮೂವತ್ನಾಲ್ಕರ ಹೆಂಗಸಿಗೂ ಅದೇ ಕಾನೂನು.

ಹೇಳಿದ್ದರೂ ಏನಾಗುತ್ತಿತ್ತು ಎಂದು ಅವನು ತನಗೆ ತಾನೇ ವಾದಿಸಿಕೊಂಡ. ೨೦೨೧ರ ಮೇ ತಿಂಗಳು. ವಿಮಾನಗಳು ನಿಂತಿದ್ದವು. ದಹನವನ್ನು ಆಸ್ಪತ್ರೆಯ ಕಡೆಯವರೇ ಮುಗಿಸಿದ್ದರು. ಡಚ್ಚರ ನಾಡಿನ ಆಮರ್ಸ್‌ಫೋರ್ಟಿನ ಈ ಫ್ಲ್ಯಾಟಿನಲ್ಲಿ ಕೂತು ಅವಳು ಮಾಡುವುದೇನಿತ್ತು?

ಸುಳ್ಳು ಒಂದಕ್ಕೇ ನಿಲ್ಲಲಿಲ್ಲ. ಅಕ್ಕ ಯಾಕೆ ಫೋನ್ ಎತ್ತುತ್ತಿಲ್ಲ ಎಂದು ಮೈಥಿಲಿ ಕೇಳಿದಾಗ, ಗಂಟಲು ಕಟ್ಟಿದೆಯಂತೆ, ಡಾಕ್ಟರು ಮಾತಾಡಬೇಡಿ ಅಂದಿದ್ದಾರಂತೆ ಎಂದ. ಅವಳ ಮುಖ ಪೂರ್ತಿ ತಿಳಿಯಾಗಲಿಲ್ಲ. ಅದಕ್ಕೇ ಮಂಗಳವಾರ ಹರಿಪ್ರಸಾದನಿಗೆ ತಾನೇ ಬರೆದು, ನಾಗಮಣಿಯ ಫೋನಿನಿಂದ ಒಂದು ಸಾಲು ಕಳಿಸಲು ಕೇಳಿಕೊಂಡ. ಬುಧವಾರ ಬೆಳಿಗ್ಗೆ ಬಂತು: ಆಲ್ ದಿ ಬೆಸ್ಟ್ ಪುಟ್ಟಿ. ಮೈಥಿಲಿ ಅದಕ್ಕೆ ಮೂರು ಮುತ್ತು ಕಳಿಸಿ ಸೀರೆ ಉಡಲು ಹೋದಳು. ದಿವಾಕರ ಕಾಫಿ ಸೋಸಿದ. ತನಗೆ ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಅವನಿಗೆ ಅಚ್ಚರಿಯಾಯಿತು. ಎದೆಯೊಳಗೆ ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಹಾಗಿತ್ತು.

ವೈವಾ ಆನ್‌ಲೈನ್. ಪ್ರೊಫೆಸರುಗಳು ವಿಶ್ವವಿದ್ಯಾಲಯವಿರುವ ವಾಗೆನಿಂಗನ್ನಿನ ಸುತ್ತ ತಂತಮ್ಮ ಮನೆಗಳಲ್ಲಿ, ಮೈಥಿಲಿ ಬೆಡ್‌ರೂಮಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ದಿವಾಕರ ಹಾಲಿನಲ್ಲಿ ಪ್ರೇಕ್ಷಕರ ಲಿಂಕ್ ತೆರೆದುಕೊಂಡು. ಅವಳ ಮುನ್ನೂರು ಪುಟದ ಪ್ರಬಂಧಕ್ಕೆ ಪುಟಸಂಖ್ಯೆ, ಪರಿವಿಡಿ ಎಲ್ಲ ಹಾಕಿಕೊಟ್ಟವನು ಅವನೇ. ಓದಿದ್ದು ಮಾತ್ರ ಒಂದು ಪುಟವೂ ಇಲ್ಲ. ಅದರ ವಿಷಯವಾದ ಪಾದ್ರಿ ಟೋಬಿಯಾಸ್ ವೆಲ್ಡ್‌ಕಾಂಪನ ಬಗ್ಗೆ ಊಟದ ಹೊತ್ತಿನಲ್ಲಿ ಕಿವಿಗೆ ಬಿದ್ದಷ್ಟೇ ಗೊತ್ತು. ನೂರೈವತ್ತು ವರ್ಷದ ಹಿಂದೆ ಜಾವಾದ ಸೆಮರಾಂಗಿನಲ್ಲಿ ಡಚ್ಚರ ಇಗರ್ಜಿಯ ಪಾದ್ರಿಯಾಗಿದ್ದವನು. ಹದಿನೈದು ವರ್ಷ ಕಬ್ಬಿನ ತೋಟದ ಸಾಹುಕಾರರಿಗೆ ಬೈಬಲ್ ಓದಿ ಹೇಳಿ, ಇದ್ದಕ್ಕಿದ್ದಂತೆ ನಿಲುವಂಗಿ ಕಳಚಿಟ್ಟು ಸ್ವದೇಶಕ್ಕೆ ಬಂದ. ಚುನಾವಣೆಗೆ ನಿಂತು ಗೆದ್ದ. ರಾಜನೇ ಬೇಡ, ಗಣರಾಜ್ಯ ಬೇಕು ಎಂದು ಸಾಯುವ ತನಕ ಪಾರ್ಲಿಮೆಂಟಿನಲ್ಲಿ ಬಯ್ಯಿಸಿಕೊಂಡ.

ಬಿಳಿಗಡ್ಡದ ಪರೀಕ್ಷಕರೊಬ್ಬರು ಕೇಳಿದ್ದೂ ಅದನ್ನೇ. ಇಷ್ಟು ವಿಧೇಯನಾಗಿದ್ದ ಪಾದ್ರಿ ರಾಜನ ಮೇಲೆ ತಿರುಗಿಬಿದ್ದದ್ದು ಯಾಕೆ?

ಮೈಥಿಲಿ ಸಲೀಸಾಗಿ ಉತ್ತರಿಸಿದಳು. ಸೆಖೆ ತಡೆಯದ ಎಂಟು ವರ್ಷದ ಮಗಳನ್ನು ಪಾದ್ರಿ ಬೆಟ್ಟದೂರಿಗೆ ಕಳಿಸಿದ್ದ. ಅವಳು ಅಲ್ಲಿ ಜ್ವರದಲ್ಲಿ ಸತ್ತಳು. ಓಲೆಕಾರ ಶನಿವಾರವೇ ಸುದ್ದಿ ತಂದ. ಭಾನುವಾರ ರಾಜನ ಹುಟ್ಟುಹಬ್ಬ, ಇಗರ್ಜಿಯಲ್ಲಿ ಗವರ್ನರ್ ಸಮೇತ ವಿಶೇಷ ಪ್ರಾರ್ಥನೆ. ಸಭೆಯ ಹಿರಿಯರು ಕಾಗದವನ್ನು ಒಂದು ದಿನ ಮುಚ್ಚಿಟ್ಟರು. ಮಗಳು ಮಣ್ಣಾದ ಮಾರನೆಯ ದಿನ ಪಾದ್ರಿ ಪೀಠದ ಮೇಲೆ ನಿಂತು, ರಾಜನಿಗೆ ಆಯುಸ್ಸು ಕೊಟ್ಟ ದೇವರಿಗೆ ವಂದನೆ ಎಂದು ಒಂದು ಗಂಟೆ ಹೇಳಿದ.

ದಿವಾಕರನ ಕೈಯಲ್ಲಿದ್ದ ಕಾಫಿ ಅಲ್ಲೇ ನಿಂತಿತು.

ಮೊದಲೇ ಗೊತ್ತಾಗಿದ್ದರೂ ಅವನು ಏನು ಮಾಡಬಹುದಿತ್ತು ಎಂದು ಪರೀಕ್ಷಕರು ಬಿಡದೆ ಕೇಳಿದರು. ಏನೂ ಇಲ್ಲ, ಎಂದಳು ಮೈಥಿಲಿ. ದಿನಚರಿಯಲ್ಲಿ ಅವನೇ ಹಾಗೆ ಬರೆದುಕೊಂಡಿದ್ದಾನೆ: ಏನೂ ಮಾಡುತ್ತಿರಲಿಲ್ಲ, ಆ ವಂದನೆಯನ್ನು ಮಾತ್ರ ಹೇಳುತ್ತಿರಲಿಲ್ಲ. ಹಿರಿಯರು ಒಬ್ಬೊಬ್ಬರೂ ಬಂದು ಅವನ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದೆವು ಎಂದರಂತೆ. ಪ್ರೀತಿಯಿಂದ ಮಾಡಿದವರ ಜೊತೆ ಜಗಳವಾಡಲು ಆಗದೆ ಅವನು ರಾಜನ ಜೊತೆ ಆಡಿದ ಎಂಬುದು ತನ್ನ ವಾದ ಎಂದಳು. ಇನ್ನೂ ಏನೋ ಹೇಳುವುದರಲ್ಲಿದ್ದಳು. ಅಷ್ಟರಲ್ಲಿ ವಿಶ್ವವಿದ್ಯಾಲಯದ ದಂಡಧಾರಿ ಪರದೆಯ ಮೇಲೆ ಬಂದು, ಹೊತ್ತಾಯಿತು ಎಂದು ಲ್ಯಾಟಿನ್ನಿನಲ್ಲಿ ಸಾರಿದ. ಅಲ್ಲಿಯ ಪದ್ಧತಿ ಅದು. ಅರ್ಧ ವಾಕ್ಯವಾದರೂ ಅಲ್ಲಿಗೇ ನಿಲ್ಲಬೇಕು.

ಕಾಲು ಗಂಟೆ ಬಿಟ್ಟು ಅವಳನ್ನು ಡಾಕ್ಟರ್ ಎಂದು ಘೋಷಿಸಿದರು. ಎಲ್ಲರೂ ತಂತಮ್ಮ ಚೌಕದಲ್ಲಿ ಚಪ್ಪಾಳೆ ತಟ್ಟಿದರು. ಮೈಥಿಲಿ ಹಾಲಿಗೆ ಓಡಿಬಂದು, ಅಕ್ಕನಿಗೆ ಮೊದಲು ಹೇಳಬೇಕು ಎಂದು ಫೋನಿಗೆ ಕೈಹಾಕಿದಳು. ದಿವಾಕರ ಆ ಕೈ ಹಿಡಿದುಕೊಂಡ. ಮೂರು ದಿನದಿಂದ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಅವಳು ಕಿರುಚಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತಳು.

"ಯಾವಾಗ?"

"ಭಾನುವಾರ ರಾತ್ರಿ."

"ಬೆಳಿಗ್ಗೆ ಮೆಸೇಜ್ ಮಾಡಿದ್ದು?"

"ನಿಮ್ ಭಾವ. ನಾನೇ ಕೇಳ್ಕೊಂಡಿದ್ದೆ."

ಯಾರ್ಯಾರಿಗೆ ಗೊತ್ತಿತ್ತು ಎಂದು ಕೇಳಿದಳು. ಅಪ್ಪ, ಭಾವ, ಸೋದರಮಾವ, ಡೀಮೆನ್ ಊರಿನಲ್ಲಿರುವ ಗೆಳತಿ ಸಮೀಕ್ಷಾ. ಅವನು ಒಂದೊಂದು ಹೆಸರು ಹೇಳಿದಾಗಲೂ ತಲೆಯಾಡಿಸಿದಳು.

"ನೀವೆಲ್ಲ ಮೂರು ದಿನದಿಂದ ಒಟ್ಟಿಗೆ ಅಳ್ತಾ ಇದ್ದೀರ," ಎಂದಳು. "ನಾನು ಇವತ್ತು ಒಬ್ಳೇ ಶುರು ಮಾಡ್ಬೇಕು."

ಇದೊಂದು ತಪ್ಪಾದರೂ ತನ್ನ ಮೇಲಿಲ್ಲ ಎಂದು ದಿವಾಕರನಿಗೆ ಅನ್ನಿಸಿತು. ಅವಳಿಗೆ ಸಮಾಧಾನವಾದೀತು ಎಂದೇ ಹೇಳಿದ.

"ನಾನು ಅತ್ತಿಲ್ಲ ಕಣೇ. ಒಂದ್ಸಲಾನೂ ಅತ್ತಿಲ್ಲ."

ಮೈಥಿಲಿ ಅವನ ಮುಖ ನೋಡಿದಳು.

"ಹಾಗಾದ್ರೆ ಮುಚ್ಚಿಡೋದು ನಿಂಗೇನೂ ಕಷ್ಟ ಆಗಿಲ್ಲ."

ಆಗಿರಲಿಲ್ಲ.