ತಕ್ಕಡಿ ಬಾಯಿ ಮುಚ್ಚಲಿಲ್ಲ

ಲೋಹಿತಾಳ ಬಳಿ ಇನ್ನೊಂದು ಬೋರ್ಡ್ ಇರಲಿಲ್ಲ. ಇದ್ದ ಒಂದೇ ಒಂದು, ಅವಳೇ ಜೋಡಿಸಿ ತಂದಿದ್ದ ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್ ಬೋರ್ಡ್, ತಾವರೆಕೆರೆ ಹಾಲಿನ ಡೈರಿಯ ಮೇಜಿನ ಮೇಲೆ ಡಬ್ಬಿಯೊಳಗೆ ಬಿದ್ದಿತ್ತು. ಸಂಜೆ ಕರೆಂಟ್ ಹೋಗಿ ಬಂದ ಮೇಲೆ ಅದು ಎದ್ದಿರಲಿಲ್ಲ. ತಕ್ಕಡಿ, ಹಾಲಿನ ಕೊಬ್ಬು ಅಳೆಯುವ ಫ್ಯಾಟ್ ಮಿಷಿನ್ ಎರಡರ ದೀಪವೂ ಉರಿಯುತ್ತಿತ್ತು. ಅವುಗಳ ಲೆಕ್ಕವನ್ನು ಬೋರ್ಡಿನಿಂದ ಪಡೆದು ತೋರಿಸುವ, ಗೋಡೆಯ ಮೇಲಿನ ಅಂಕಿಯ ಹಲಗೆ ಮಾತ್ರ ಕಪ್ಪಗಿತ್ತು.

"ಚೀಟೀಲಿ ಬರ್ಕೊಂಡು ಹಾಲು ಆಕಿಸ್ಕೊಳ್ಳಾನಾ?" ಎಂದ ಡೈರಿಯ ಕಾರ್ಯದರ್ಶಿ ರೇಣುಕಯ್ಯ.

"ಗ್ವಾಡೆ ಮ್ಯಾಲೆ ನಂಬರ್ ಬರ್ಲಿ. ಅಲ್ಲೀಗಂಟ ಒಂದು ತೊಟ್ಟೂ ಸುರಿಯಾಕಿಲ್ಲ," ಎಂದಳು ಸಾಲಿನ ಮೊದಲಲ್ಲಿದ್ದ ಮುನಿಯಮ್ಮ, ಕ್ಯಾನ್ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು. ಹಿಂದಿದ್ದವರೂ ಹೂಂಗುಟ್ಟಿದರು. ಈ ಡೈರಿಯಲ್ಲಿ ಕಣ್ಣಿಗೆ ಕಂಡದ್ದೇ ಲೆಕ್ಕ.

"ಟ್ಯಾಂಕರ್ ಸಿರಾ ಬುಟ್ಟದಂತೆ," ರೇಣುಕಯ್ಯ ಲೋಹಿತಾಳ ಕಡೆ ತಿರುಗಿದ. "ಅದು ಬರಾದ್ರೊಳ್ಗೆ ಇದು ಏಳ್ದಿದ್ರೆ ನಿನ್ ಡಬ್ಬಿ ತಗಂಡೋಗು ಕಣಮ್ಮ. ನಾಳೆ ಕಂಪ್ನಿ ಮಿಷಿನ್ ತರಿಸ್ತೀನಿ."

ಬೋರ್ಡಿನಲ್ಲಿ ಮಿಷಿನ್‌ಗಳ ವೈರ್ ಸಿಕ್ಕಿಸಲು ನಾಲ್ಕು ಸೀರಿಯಲ್ ಪೋರ್ಟ್ ಇದ್ದವು. ಮೊದಲಿನಿಂದ ತೆರೆದಿದ್ದದ್ದು ಒಂದೇ. ತೆರೆದೇ ಇದೆಯಲ್ಲ ಎಂದು ಅದಕ್ಕೆ ತಕ್ಕಡಿ ಹಾಕಿ, ಫ್ಯಾಟ್ ಮಿಷಿನ್‌ಗೂ ಹಲಗೆಗೂ ಸೆಟ್ಟಿಂಗ್ ಫೈಲಿನಲ್ಲಿ ಸಾಲು ಬರೆದು ಇನ್ನೆರಡನ್ನು ತೆರೆದಿದ್ದಳು. ಮಧುಗಿರಿಯ ತನ್ನ ರೂಮಿನಲ್ಲಿ ಜೋಡಿಸಿ ನೋಡಿದಾಗ ಎಲ್ಲ ಸರಿಯಿತ್ತು. ಅಲ್ಲಿ ಬೋರ್ಡ್ ಎದ್ದ ಮೇಲೆಯೇ ತಕ್ಕಡಿಯ ಸ್ವಿಚ್ ಹಾಕುತ್ತಿದ್ದಳು.

ಒಳಗೆ ಏನಾಗಿದೆ ನೋಡೋಣವೆಂದು ತಕ್ಕಡಿಯ ವೈರ್ ಕಿತ್ತು, ಆ ಜಾಗಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿ, ಬೋರ್ಡ್ ಆರಿಸಿ ಹಾಕಿದಳು. ಬೋರ್ಡ್ ಎದ್ದಿತು. ಮತ್ತೆ ತಕ್ಕಡಿ ಹಾಕಿ ಆರಿಸಿ ಹಾಕಿದಳು. ಏಳಲಿಲ್ಲ.

ಲೋಹಿತಾಳಿಗೆ ನಗು ಬಂತು.

"ಇದು ಏಳೋವಾಗ ಆ ಪೋರ್ಟಲ್ಲಿ ಒಂದು ಗಳಿಗೆ ಕಿವಿ ಕೊಡ್ತದೆ ಸಾರ್. ಯಾರಾದ್ರೂ ಏನಾದ್ರೂ ಅಂದ್ರೆ ಅಲ್ಲೇ ನಿಲ್ತದೆ. ನಿಮ್ ತಕ್ಕಡಿ ಸೊನ್ನೆ ಸೊನ್ನೆ ಅಂತ ಬಾಯೇ ಮುಚ್ಚಲ್ಲ. ತಪ್ಪು ನಂದೇ."

"ನಮ್ಮನೆಯೋನ್ದೂ ಇದೇ ಕತೆ ಕಣಮ್ಮ," ಎಂದಳು ಮುನಿಯಮ್ಮ. "ಏಳೋವಾಗ ಮಾತಾಡ್ಸುದ್ರೆ ತಿರ್ಗಾ ಮಕ್ಕಂಬುಡ್ತಾನೆ."

ಸಾಲು ಗೊಳ್ಳೆಂದು ನಕ್ಕಿತು. ಲೋಹಿತಾ ಮತ್ತೆ ಲ್ಯಾಪ್‌ಟಾಪ್ ಸಿಕ್ಕಿಸಿ ಬೋರ್ಡ್ ಎಬ್ಬಿಸಿ, ಸೆಟ್ಟಿಂಗ್ ಫೈಲಿನಲ್ಲಿ ಇನ್ನೊಂದು ಸಾಲು ಬರೆದು ನಾಲ್ಕನೆಯ ಪೋರ್ಟನ್ನೂ ತೆರೆದಳು. ತಕ್ಕಡಿಯ ವೈರನ್ನು ಅದಕ್ಕೆ ಬದಲಿಸಿ, ಮೊದಲನೆಯದನ್ನು ಖಾಲಿ ಬಿಟ್ಟಳು.

"ಮೇನ್ ಸ್ವಿಚ್ಚೇ ಆರ್ಸಿ ಹಾಕಿ ಸಾರ್. ಎಲ್ಲ ಒಟ್ಟಿಗೆ ಬರ್ಲಿ."

ರೇಣುಕಯ್ಯ ಆರಿಸಿದ, ಹಾಕಿದ. ಸಾಲಿನವರೆಲ್ಲ ಗೋಡೆಯ ಕಡೆ ಕತ್ತೆತ್ತಿದರು. ಹಲಗೆಯ ಮೇಲೆ ಕೆಂಪು ಸೊನ್ನೆಗಳು ಹತ್ತಿಕೊಂಡವು.

"ಬಂತು ಕಣ್ರೋ!" ಎಂದು ಮುನಿಯಮ್ಮ ಎದ್ದ ರಭಸಕ್ಕೆ ಕಾಲು ತಗಲಿ ಕ್ಯಾನ್ ಉರುಳಿತು. ಹಾಲು ಮೆಟ್ಟಿಲಿಳಿದು ಚರಂಡಿಗೆ ಹೋಯಿತು. ಅವಳು ಒಂದಿಷ್ಟು ಬೈದುಕೊಂಡಳು, ಕ್ಯಾನನ್ನೋ ಕಾಲನ್ನೋ ತಿಳಿಯಲಿಲ್ಲ. ಹಿಂದಿನವರು ಅವಳನ್ನು ಬಳಸಿಕೊಂಡು ಮುಂದೆ ಬಂದರು.

ಟ್ಯಾಂಕರ್ ಬಂದು, ತುಂಬಿಸಿಕೊಂಡು ಹೋಯಿತು. ರೇಣುಕಯ್ಯ ಡಬ್ಬಿಯನ್ನು ಮೇಜಿನ ಅಂಚಿನಿಂದ ಗೋಡೆಯ ಪಕ್ಕಕ್ಕೆ ಸರಿಸಿಟ್ಟು, ನೆಲಕ್ಕೆ ನೀರು ಹಾಕಿದ.

ಆ ಸಂಜೆ ಪೋಲಾದದ್ದು ಮುನಿಯಮ್ಮನ ನಾಲ್ಕು ಲೀಟರ್ ಹಾಲು ಮಾತ್ರ.