ಕೆಲಸ ಹೋದಮೇಲೆ ಬಂದ ದುಡ್ಡು

ಹೊಸಕೆರೆಹಳ್ಳಿಯ ದಿವ್ಯ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನಿಗೆ ಬ್ಯಾಂಕಿನ ಮೆಸೇಜು ಬಂತು. ಗಂಡ ರಘುವಿನ ಖಾತೆಗೂ ಅವಳ ನಂಬರೇ ಕೊಟ್ಟಿತ್ತು. ಆ ಖಾತೆಗೆ ಒಂಬತ್ತು ಸಾವಿರ ಚಿಲ್ಲರೆ ಜಮೆಯಾಗಿತ್ತು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸಂಬಳ ತಡವಾಗುತ್ತಿದೆ ಎಂದು ಅವನು ಮೂರು ತಿಂಗಳಿಂದ ಹೇಳುತ್ತಲೇ ಇದ್ದ. ಆದರೆ ಇದು ಪ್ರೆಸ್ಸಿನ ದುಡ್ಡಲ್ಲ. ಕಳಿಸಿದವರ ಜಾಗದಲ್ಲಿ ಇಎಸ್‌ಐ ಎಂದಿತ್ತು.

ಸಂಜೆ ರಘು ಬಂದ ಕೂಡಲೇ ಕೇಳಿದಳು. "ರೀ, ಇದ್ಯಾವ ದುಡ್ಡು?"

ಮೆಸೇಜು ನೋಡಿ ರಘುವಿನ ಮುಖ ಬಿಳಿಚಿಕೊಂಡಿತು. ಶೂ ಕೂಡ ಬಿಚ್ಚದೆ ಕುಳಿತುಬಿಟ್ಟ.

"ಪ್ರೆಸ್ ಮುಚ್ಚಿ ಮೂರು ತಿಂಗ್ಳಾಯ್ತು ಕಣೇ. ಹೇಳೋಕೆ ಬಾಯಿ ಬರ್ಲಿಲ್ಲ."

"ಮತ್ತೆ ದಿನಾ ಡಬ್ಬಿ ತಗೊಂಡು ಎಲ್ಲಿಗೆ ಹೋಗ್ತಿದ್ರಿ?"

"ಕೆಲ್ಸ ಹುಡುಕ್ತಿದ್ದೆ. ಮಧ್ಯಾಹ್ನ ಜಯನಗರದ ಪಾರ್ಕಲ್ಲಿ ಕೂತ್ಕೊಂಡು ಊಟ ಮಾಡ್ತಿದ್ದೆ."

ದಿವ್ಯಳಿಗೆ ಸಿಟ್ಟು ಬಂತು. ಆದರೆ ಅವನು ಪಾರ್ಕಿನ ಬೆಂಚಿನ ಮೇಲೆ ಒಬ್ಬನೇ ಡಬ್ಬಿ ಬಿಚ್ಚಿಕೊಂಡು ಕೂತಿದ್ದು ಕಣ್ಣಿಗೆ ಕಟ್ಟಿತು. ಒಳಗೆ ಹೋಗಿ ನೀರು ತಂದುಕೊಟ್ಟಳು.

ಒಳಗಿನಿಂದ ಅತ್ತೆ ಬೈರಮ್ಮ ಎಲ್ಲ ಕೇಳಿಸಿಕೊಂಡಿದ್ದರು. "ಕೆಲ್ಸ ಹೋದ್ರೆ ಹೋಗ್ಲಿ ಬಿಡು ಮಗ, ಇನ್ನೊಂದು ಸಿಗತ್ತೆ. ಆದ್ರೆ ಈ ದುಡ್ಡು ಬೇಡ. ದುಡೀದೆ ಬಂದಿದ್ದು. ನಾಳೆ ತಪ್ಪಾಗಿ ಬಂತು ಅಂತ ಯಾರಾದ್ರೂ ಬಾಗ್ಲಿಗೆ ಬಂದ್ರೆ?"

"ಪ್ರೆಸ್ಸಲ್ಲಿ ಜೊತೆಗಿದ್ದ ಗೂಳಪ್ಪ ಹೇಳ್ದ ಅಂತ ಎರಡು ತಿಂಗ್ಳ ಹಿಂದೆ ಇಎಸ್‌ಐಗೆ ಒಂದು ಅರ್ಜಿ ಹಾಕಿದ್ದೆ ಅಮ್ಮ. ಸುದ್ದೀನೇ ಇರ್ಲಿಲ್ಲ. ರಿಜೆಕ್ಟ್ ಆಗಿದೆ ಅಂದ್ಕೊಂಡಿದ್ದೆ."

ದಿವ್ಯ ಮಹಡಿ ಮನೆಯ ಬಾಡಿಗೆಯವರಾದ ಸರಸ್ವತಿಯವರನ್ನು ಕರೆದಳು. ಅವರು ಇಎಸ್‌ಐ ಆಸ್ಪತ್ರೆಯಲ್ಲಿ ನರ್ಸು.

"ಬೈರಮ್ಮನವ್ರೇ, ಇದು ಭಿಕ್ಷೆ ಅಲ್ಲ," ಎಂದರು ಸರಸ್ವತಿ. "ಇಎಸ್‌ಐ ಅಂದ್ರೆ ಕಾರ್ಮಿಕರ ವಿಮೆ. ರಘು ಸಂಬಳದಲ್ಲಿ ತಿಂಗ್ಳು ತಿಂಗ್ಳು ಅದಕ್ಕೆ ಅಂತ ಹಿಡೀತಿದ್ರು. ಮಾಲೀಕ್ರೂ ಕಟ್ತಿದ್ರು. ಕೆಲ್ಸ ಹೋದಾಗ ನಿಯಮದ ಪ್ರಕಾರ ಅರ್ಹತೆ ಇದ್ರೆ ಸ್ವಲ್ಪ ದಿನ ಭತ್ಯೆ ಕೊಡ್ತಾರೆ. ಆದ್ರೂ ಒಂದು ರೂಪಾಯಿ ಮುಟ್ಟೋಕೆ ಮುಂಚೆ ಕಚೇರಿಗೆ ಹೋಗಿ ಕೇಳ್ಕೊಂಡು ಬನ್ನಿ. ಹಾಂ, ಯಾರಾದ್ರೂ ಫೋನ್ ಮಾಡಿ ದುಡ್ಡು ವಾಪಸ್ ಹಾಕಿ, ಒಟಿಪಿ ಹೇಳಿ ಅಂದ್ರೆ ಫೋನ್ ಇಟ್ಬಿಡಿ."

ಮರುದಿನ ಗಂಡ ಹೆಂಡತಿ ಇಬ್ಬರೂ ಪಾಸ್‌ಬುಕ್ಕು, ಆಧಾರ್ ಹಿಡಿದು ಇಎಸ್‌ಐ ಕಚೇರಿಗೆ ಹೋದರು. ಗುಮಾಸ್ತೆ ಕಂಪ್ಯೂಟರಿನಲ್ಲಿ ನೋಡಿ ಹೇಳಿದರು. "ನಿಮ್ದೇ ದುಡ್ಡು ಸಾರ್. ನೀವು ಕೆಲ್ಸ ಇಲ್ದೆ ಇದ್ದ ದಿನಗಳದ್ದು. ಹೊಸ ಕೆಲ್ಸ ಸಿಕ್ಕಿದ್ರೆ ನಮ್ಗೆ ತಿಳ್ಸಿ. ಆಮೇಲಿನ ದಿನಗಳಿಗೆ ಕ್ಲೇಮ್ ಹಾಕ್ಬೇಡಿ."

ಹೊರಗೆ ಬಂದಾಗ ರಘು ಮೂರು ತಿಂಗಳಲ್ಲಿ ಮೊದಲ ಸಲ ನಕ್ಕ. ಆ ದುಡ್ಡಿನಲ್ಲಿ ಮಗಳ ಶಾಲೆಯ ಫೀಸು ಕಟ್ಟಿದರು, ರೇಷನ್ ತಂದರು.

ಮುಂದಿನ ತಿಂಗಳು ವಸಂತಪುರದ ಒಂದು ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಸಿಹಿ ತಿನ್ನಲು ಬಂದ ಹಳೆಯ ಜೊತೆಗಾರ ಗೂಳಪ್ಪ ಮೆಲ್ಲಗೆ ಅಂದ, "ಈ ತಿಂಗ್ಳದ್ದೂ ಕ್ಲೇಮ್ ಹಾಕು ಗುರು. ಯಾರಿಗ್ ಗೊತ್ತಾಗತ್ತೆ?"

ರಘು ಸಿಹಿಯ ತಟ್ಟೆ ಕೆಳಗಿಟ್ಟ. ಉತ್ತರ ಬೈರಮ್ಮನಿಂದ ಬಂತು.

"ಕೆಲ್ಸ ಇಲ್ದಾಗ ಬಂದಿದ್ದು ನಮ್ದು ಕಣಪ್ಪ. ಇನ್ಮೇಲೆ ಬರೋದು ನನ್ ಮಗನ ಥರಾನೇ ಪಾರ್ಕಲ್ಲಿ ಕೂತಿರೋ ಇನ್ಯಾರ್ದೋ. ರಘು, ಹೋಗಿ ತಿಳ್ಸಿ ಬಾ."

ಅವನು ಅಂದೇ ಇಎಸ್‌ಐ ಕಚೇರಿಗೆ ಹೋಗಿ, ಕೆಲಸ ಸಿಕ್ಕಿದ್ದನ್ನು ಬರೆದುಕೊಟ್ಟು ಸ್ವೀಕೃತಿ ತಂದ.

ನಿಮ್ಮ ಮನೆಯಲ್ಲೂ ಯಾರದ್ದಾದರೂ ಕೆಲಸ ಹೋಗಿದೆಯೇ? ಮುಚ್ಚಿಡಬೇಡಿ, ಮನೆಯವರಿಗೆ ಹೇಳಿ. ಖಾತೆಗೆ ಗೊತ್ತಿಲ್ಲದ ದುಡ್ಡು ಬಂದರೆ ಹೆದರಲೂ ಬೇಡಿ, ಖರ್ಚು ಮಾಡಲೂ ಬೇಡಿ. ಬ್ಯಾಂಕಿಗೋ ಕಚೇರಿಗೋ ನೀವೇ ಹೋಗಿ ವಿಚಾರಿಸಿ. ನಿಮ್ಮದಾದರೆ ತಲೆಯೆತ್ತಿ ಬಳಸಿ. ನಿಮ್ಮದಲ್ಲದಿದ್ದರೆ ಬರೆದುಕೊಟ್ಟು ಹಿಂತಿರುಗಿಸಿ, ರಸೀತಿ ಮರೆಯದೆ ಪಡೆಯಿರಿ.